ಹನ್ನೊಂದು ವರ್ಷ ಅಷ್ಟಾಂಗ ಮಾಡಿ ಅಯ್ಯಂಗಾರ್ ಕ್ಲಾಸಿಗೆ ಸೇರಿದ್ದು, ಮತ್ತೆ ಮರಳಿದ್ದು: ಹೋಗುವವರಿಗೆ ತಿಳಿದಿರಲಿ ಅಂತ

ಮೈಸೂರಿನಲ್ಲಿ ಹನ್ನೊಂದು ವರ್ಷ ಅಷ್ಟಾಂಗ ವಿನ್ಯಾಸ (ಉಸಿರಿನ ಎಣಿಕೆಗೆ ಒಂದಾದ ಮೇಲೊಂದು ಆಸನ ಮಾಡುವ ಯೋಗಪದ್ಧತಿ) ಅಭ್ಯಾಸ ಮಾಡಿದ ಮೇಲೆ ಹದಿನಾಲ್ಕು ತಿಂಗಳು ಅಯ್ಯಂಗಾರ್ ಪದ್ಧತಿಯ (ಕಂಬಳಿ, ಬೆಲ್ಟು, ಇಟ್ಟಿಗೆ, ಕುರ್ಚಿಯ ಆಸರೆಯಲ್ಲಿ ಒಂದೊಂದು ಆಸನದಲ್ಲೂ ಹೊತ್ತು ನಿಲ್ಲುವ ಯೋಗ) ಕ್ಲಾಸಿಗೆ ಹೋದೆ. ಐದು ತಿಂಗಳ ಹಿಂದೆ ಮತ್ತೆ ಅಷ್ಟಾಂಗಕ್ಕೆ ಬಂದೆ. ಹೋದ ವಾರ ಪ್ರೈಮರಿ ಸೀರೀಸ್, ಅಂದರೆ ಅಷ್ಟಾಂಗದ ಮೊದಲ ಆಸನಸರಣಿ, ಅದರ ಕೊನೆಯ ಸೇತುಬಂಧಾಸನದವರೆಗೆ ಪೂರ್ತಿಯಾಯಿತು. ಈ ದಾರಿಯಲ್ಲಿ ಹೊರಡಬೇಕೆಂದಿರುವ ಕೆಲವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಗುರುಗಳಿಗೆ ಹೇಳಬೇಕಾ? ಎರಡನ್ನೂ ಒಟ್ಟಿಗೆ ಮಾಡಬಹುದಾ? ಖರ್ಚೆಷ್ಟು? ಇಷ್ಟು ವರ್ಷ ಕಲಿತದ್ದೆಲ್ಲ ಹೋಗಿಬಿಡುತ್ತಾ? ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಕಾರಣ ನೋವು. ಕಾಲು ಚಾಚಿ ಕೂತು ಮುಂದೆ ಬಗ್ಗುವ ಪಶ್ಚಿಮೋತ್ತಾನಾಸನದಲ್ಲಿ ಎಡಗಡೆ, ನಾವು ಕೂತಾಗ ನೆಲಕ್ಕೆ ತಾಗುವ ಮೂಳೆ ಇದೆಯಲ್ಲ, ಅದರ ಬುಡದಲ್ಲಿ ಚುಚ್ಚತೊಡಗಿತು. ತೊಡೆಯ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಸ್ನಾಯುಗಳು ಬಂದು ಅಂಟುವುದು ಇದೇ ಮೂಳೆಗೆ. ತೊಡೆಯ ನಡುವೆ ಎಳೆತ ಆದರೆ ಹೆದರಬೇಕಾಗಿಲ್ಲ. ಬುಡದಲ್ಲಿ, ಒಂದು ಬೆರಳಿಟ್ಟು ತೋರಿಸಬಹುದಾದಷ್ಟು ಚಿಕ್ಕ ಜಾಗದಲ್ಲಿ ನೋವು ಬಂದರೆ ಅವತ್ತೇ ನಿಲ್ಲಿಸಬೇಕು. ಅದನ್ನು ‘ಓಪನ್ ಆಗ್ತಾ ಇದೆ’ ಅಂದುಕೊಂಡು ಏಳು ತಿಂಗಳು ಎಳೆದದ್ದೇ ದೊಡ್ಡ ತಪ್ಪು. ಗಟ್ಟಿ ಕುರ್ಚಿಯ ಮೇಲೆ ಅರ್ಧ ಗಂಟೆ ಕೂರುವುದೂ, ಕಾರು ಓಡಿಸುವುದೂ ಕಷ್ಟ ಅನ್ನುವ ಹಂತಕ್ಕೆ ಬಂದಮೇಲೆ ಮೂಳೆ ಡಾಕ್ಟರ ಬಳಿ ಹೋಗಿದ್ದು.

ಎಂಆರ್‌ಐ ರಿಪೋರ್ಟಿನಲ್ಲಿ ಟೆಂಡನ್ (ಸ್ನಾಯುವನ್ನು ಮೂಳೆಗೆ ಅಂಟಿಸುವ ಗಟ್ಟಿ ಎಳೆ) ದಪ್ಪಗಾಗಿರುವುದು ಕಂಡಿತು, ಹರಿದಿರಲಿಲ್ಲ. ಫಿಸಿಯೋಥೆರಪಿಸ್ಟ್ ವಿವರಿಸಿದ ಒಂದು ಮಾತನ್ನು ಎಲ್ಲ ಅಭ್ಯಾಸಿಗಳೂ ತಿಳಿದಿರಬೇಕು: ಸೊಂಟದ ಕೀಲನ್ನು ಆಳವಾಗಿ ಮಡಚಿದಾಗ ಈ ಟೆಂಡನ್ ಆ ಮೂಳೆಯ ಮೇಲೆ ಒತ್ತಿಕೊಳ್ಳುತ್ತದೆ. ಅಂದರೆ ಎಳೆದಷ್ಟೂ ಉರಿ ಹೆಚ್ಚು. ಅದು ವಾಸಿಯಾಗುವುದು ಹಂತ ಹಂತವಾಗಿ ಭಾರ ಹೊರಿಸಿ ಬಲ ತುಂಬಿದಾಗ. ಇನ್ನು ನಮ್ಮ ಪ್ರೈಮರಿ ಸೀರೀಸ್ ನೋಡಿ. ಪಶ್ಚಿಮೋತ್ತಾನಾಸನ, ಅರ್ಧಬದ್ಧಪದ್ಮ, ತ್ರಿಯಂಗಮುಖ, ಜಾನುಶೀರ್ಷ ಮೂರು ಬಗೆ, ಮರೀಚ್ಯಾಸನ, ಕೂರ್ಮಾಸನ, ಉಪವಿಷ್ಟಕೋಣಾಸನ, ಸುಪ್ತಕೋಣಾಸನ. ಒಂದಾದ ಮೇಲೊಂದು ಮುಂದೆ ಬಗ್ಗುವುದೇ. ವಾರಕ್ಕೆ ಆರು ದಿನ. ಆ ಸೀರೀಸಿನ ಇನ್ನೊಂದು ಹೆಸರು ಯೋಗಚಿಕಿತ್ಸಾ, ಮತ್ತು ಎಷ್ಟೋ ಜನರಿಗೆ ಅದು ನಿಜವಾಗಿಯೂ ಚಿಕಿತ್ಸೆ. ಆದರೆ ಈ ಒಂದು ಗಾಯಕ್ಕೆ ಅದನ್ನು ಹಾಗೆಯೇ ಮುಂದುವರಿಸುವುದು ಸರಿಯಲ್ಲ.

ಹನ್ನೆರಡು ವಾರದ ಫಿಸಿಯೋ ಮುಗಿಯುವ ಹೊತ್ತಿಗೆ ಡಾಕ್ಟರು ಹೇಳಿದ್ದು: ಆಸನ ಮಾಡಿ, ಆದರೆ ಪ್ರತಿ ಆಸನದಲ್ಲೂ ಯಾವ ಸ್ನಾಯು ಕೆಲಸ ಮಾಡುತ್ತಿದೆ ಅಂತ ಹೇಳಿಕೊಡುವವರ ಬಳಿ ಮಾಡಿ. ಅಯ್ಯಂಗಾರ್ ಕ್ಲಾಸಿನ ಯೋಚನೆ ಬಂದದ್ದು ಆಗ.

ಆ ಯೋಚನೆ ಬಾಯಿಗೆ ಬರುವುದಕ್ಕೆ ಮೂರು ವಾರ ಬೇಕಾಯಿತು. ಹೊರಗಿನವರಿಗೆ ಇದು ಅರ್ಥವಾಗುವುದು ಕಷ್ಟ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಒಂದೇ ಕೋಣೆಯಲ್ಲಿ, ಒಂದೇ ಗುರುಗಳ ಕಣ್ಣಳತೆಯಲ್ಲಿ ವರ್ಷಗಟ್ಟಲೆ ಬೆವರು ಸುರಿಸಿದವರಿಗೆ ಇನ್ನೊಂದು ಕಡೆ ಹೆಸರು ಬರೆಸುವುದು ದ್ರೋಹ ಅನ್ನಿಸುತ್ತದೆ. ಎರಡು ಕಡೆಯೂ ಮಾತುಗಳಿವೆ. ಅಷ್ಟಾಂಗದವರು ಅಯ್ಯಂಗಾರ್ ಅಂದರೆ ‘ಫರ್ನಿಚರ್ ಯೋಗ’ ಅನ್ನುತ್ತಾರೆ, ಅವರು ಅಷ್ಟಾಂಗ ಅಂದರೆ ‘ಸರ್ಕಸ್’ ಅನ್ನುತ್ತಾರೆ. ಬೆಳಗ್ಗೆ ಐದಕ್ಕೆ ದೇವಸ್ಥಾನದ ಹಜಾರದಲ್ಲೋ ಪಾರ್ಕಿನಲ್ಲೋ ಉಚಿತವಾಗಿ ಕಲಿಸುವವರ ಬಗ್ಗೆ ಇಬ್ಬರೂ ಮಾತಾಡುವುದಿಲ್ಲ. ಈ ಮೂರೂ ಕಡೆ ಶ್ರದ್ಧೆಯಿಂದ ಮಾಡುವವರನ್ನು ಹತ್ತಿರದಿಂದ ನೋಡಿದ ಮೇಲೆ ಹೇಳುತ್ತೇನೆ, ಆ ಮಾತುಗಳೆಲ್ಲ ಇನ್ನೊಂದು ಕೋಣೆಯೊಳಗೆ ಒಂದು ತಿಂಗಳೂ ಇರದವರ ಮಾತುಗಳು.

ಗುರುಗಳಿಗೆ ಹೇಳಬೇಕು. ವಾಟ್ಸಾಪಿನಲ್ಲಿ ಬೇಡ, ಬೇರೆಯವರ ಬಾಯಿಂದ ತಿಳಿಯುವುದಂತೂ ಬೇಡವೇ ಬೇಡ. ಕ್ಲಾಸ್ ಮುಗಿದು ಕೋಣೆ ಖಾಲಿಯಾದ ಮೇಲೆ ಎದುರಿಗೆ ನಿಂತು, ಗಾಯ ಏನು, ಡಾಕ್ಟರು ಏನಂದರು, ಎಲ್ಲಿಗೆ ಹೋಗುತ್ತಿದ್ದೇನೆ, ಎಷ್ಟು ದಿನ, ಇಷ್ಟನ್ನು ನಾಲ್ಕು ವಾಕ್ಯದಲ್ಲಿ ಹೇಳಿ. ರಿಪೋರ್ಟು ಕೈಯಲ್ಲಿರಲಿ. ನನಗೆ ಸಿಕ್ಕ ಉತ್ತರ: “ಎಲ್ಲಿಗೆ ಹೋಗ್ತೀರೋ ಅಲ್ಲಿ ಸರಿಯಾಗಿ ಕಲೀರಿ. ಅಲ್ಲಿನದನ್ನ ಇಲ್ಲಿಗೆ ತರಬೇಡಿ, ಇಲ್ಲಿನದನ್ನ ಅಲ್ಲಿ ತೋರಿಸ್ಬೇಡಿ.” ಆಮೇಲಿನ ಹದಿನಾಲ್ಕು ತಿಂಗಳಲ್ಲಿ ನಾನು ಪಟ್ಟ ಕಷ್ಟದಲ್ಲಿ ಅರ್ಧ ಈ ಮಾತನ್ನು ಮರೆತದ್ದರಿಂದ ಆದದ್ದು.

ಸೇರುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ. ಅಯ್ಯಂಗಾರ್ ಕ್ಲಾಸುಗಳು ಸಾಮಾನ್ಯವಾಗಿ ಅವಧಿಯ ಲೆಕ್ಕದಲ್ಲಿ ನಡೆಯುತ್ತವೆ. ನಾನು ಹೋದ ಕಡೆ ನಡುವೆ ಸೇರಿಸಿಕೊಳ್ಳುತ್ತಿರಲಿಲ್ಲ. ಒಟ್ಟು ಒಂಬತ್ತು ವಾರ ಕಾದೆ. ಆ ಅವಧಿಯಲ್ಲಿ ಒಂದು ದಿನ ಬಂದು ಮೂಲೆಯಲ್ಲಿ ಕೂತು ಕ್ಲಾಸ್ ನೋಡಿ ಅಂದರು. ಕೇಳಿದ ಕಾಗದಗಳು ಇವು: ಆಧಾರ್ ನಕಲು, ಎರಡು ಫೋಟೋ, ಎಂಆರ್‌ಐ ರಿಪೋರ್ಟಿನ ಕೊನೆಯ ಪುಟ, ವ್ಯಾಯಾಮಕ್ಕೆ ಅಡ್ಡಿಯಿಲ್ಲ ಅಂತ ಡಾಕ್ಟರ ಚೀಟಿ. ಚೀಟಿಯಲ್ಲಿ ‘ಯೋಗ ಮಾಡಬಹುದು’ ಅಂತಷ್ಟೇ ಬರೆಸಿದ್ದರಿಂದ ವಾಪಸು ಕಳಿಸಿದರು. ಯಾವ ಚಲನೆ ಬೇಡ ಅನ್ನುವುದನ್ನು ಬರೆಸಬೇಕು. ನನ್ನದರಲ್ಲಿ ‘ಆರು ತಿಂಗಳು ಪೂರ್ತಿ ಮುಂದೆ ಬಗ್ಗುವುದು ಬೇಡ’ ಅಂತ ಎರಡನೇ ಸಲ ಬರೆಸಿಕೊಂಡು ಬಂದೆ. ಅದಕ್ಕೊಂದು ಕನ್ಸಲ್ಟೇಶನ್ ಫೀಸು ಸುಮ್ಮನೆ ಹೋಯಿತು.

ಫಾರಂನಲ್ಲಿ ರಕ್ತದೊತ್ತಡ, ಕಣ್ಣಿನ ಒತ್ತಡ, ರೆಟಿನಾ ತೊಂದರೆ, ಕತ್ತಿನ ಡಿಸ್ಕ್, ಆಪರೇಶನ್, ಮುಟ್ಟಿನ ತೊಂದರೆ ಎಲ್ಲ ಕೇಳುತ್ತಾರೆ. ಮುಚ್ಚಿಡಬೇಡಿ. ಗ್ಲಾಕೋಮಾ ಇದ್ದವರಿಗೂ ರೆಟಿನಾ ಸಡಿಲ ಇದ್ದವರಿಗೂ ತಲೆಕೆಳಗಿನ ಆಸನಗಳು ಅಪಾಯ. ಅಷ್ಟಾಂಗದ ಕೋಣೆಯಲ್ಲಿ ಈ ಪ್ರಶ್ನೆಗಳನ್ನು ಇಷ್ಟು ವಿವರವಾಗಿ ನನ್ನನ್ನು ಯಾರೂ ಕೇಳಿರಲಿಲ್ಲ.

‘ಹಿಂದಿನ ಅನುಭವ’ ಅನ್ನುವ ಜಾಗದಲ್ಲಿ 11 ವರ್ಷ ಅಂತ ಬರೆದೆ. ಅಲ್ಲಿ ಕಲಿಸುವ ಮೇಡಂ ಓದಿ, ಬಿಗಿನರ್ ಬ್ಯಾಚ್ ಅಂತ ಗುರುತು ಹಾಕಿದರು. ಇದು ಎಲ್ಲರಿಗೂ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ, ವಾದ ಮಾಡಬೇಡಿ. ಆ ಪದ್ಧತಿಯ ಸೂಚನೆಗಳಿಗೆ ಅದರದೇ ಭಾಷೆ ಇದೆ. ‘ಹೊರ ಹಿಮ್ಮಡಿ ಒತ್ತಿ, ಒಳ ತೊಡೆ ಹಿಂದಕ್ಕೆ’ ಅಂದ ತಕ್ಷಣ ಮೈ ಅದನ್ನು ಮಾಡುವಷ್ಟು ಆ ಭಾಷೆ ಬರುವ ತನಕ ಮುಂದಿನ ಬ್ಯಾಚಿನಲ್ಲಿ ಕೂತು ಉಪಯೋಗವಿಲ್ಲ.

ಮೊದಲ ದಿನ ಕ್ಲಾಸ್ ಶುರುವಾಗುವ ಮುಂಚೆ ಪ್ರಾರ್ಥನೆ. ‘ಯೋಗೇನ ಚಿತ್ತಸ್ಯ’ ಅಂತ ಶುರುವಾಯಿತು, ನನಗೆ ಹೊಸದು. ಎರಡನೇ ಶ್ಲೋಕ ಬಂತು: ‘ಆಬಾಹು ಪುರುಷಾಕಾರಂ ಶಂಖಚಕ್ರಾಸಿಧಾರಿಣಂ, ಸಹಸ್ರಶಿರಸಂ ಶ್ವೇತಂ ಪ್ರಣಮಾಮಿ ಪತಂಜಲಿಂ’. ಹನ್ನೊಂದು ವರ್ಷ ಬೆಳಗ್ಗೆ ‘ವಂದೇ ಗುರೂಣಾಂ’ ಆದ ಮೇಲೆ ಹೇಳುತ್ತಿದ್ದದ್ದು ಇದೇ ಸಾಲುಗಳು. ರಾಗ ಬೇರೆ, ನಿಲ್ಲಿಸುವ ಜಾಗ ಬೇರೆ, ಮಾತು ಅದೇ. ಕಣ್ಣು ತುಂಬಿ ಬಂತು. ಯಾರದೋ ಮನೆಗೆ ಬಂದಿದ್ದೇನೆ ಅನ್ನುವ ಅಳುಕು ಅಲ್ಲಿಗೆ ಕಡಿಮೆಯಾಯಿತು.

ನಿಜಕ್ಕೂ ಅದು ಬೇರೆ ಮನೆಯೇನೂ ಅಲ್ಲ, ಎರಡು ಪದ್ಧತಿಗೂ ಮೂಲ ಗುರು ಒಬ್ಬರೇ. ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಅಷ್ಟಾಂಗ ವಿನ್ಯಾಸವನ್ನು ಮುಂದೆ ಕಲಿಸಿದ, ಹಾಸನದ ಹತ್ತಿರದ ಕೌಶಿಕದ ಪಟ್ಟಾಭಿ ಜೋಯಿಸರು ಅವರನ್ನು ಮೊದಲು ಕಂಡದ್ದು 1927ರಲ್ಲಿ, ಹನ್ನೆರಡರ ಹುಡುಗನಾಗಿ. ಕೋಲಾರದ ಕಡೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ 1934ರಲ್ಲಿ ಮೈಸೂರಿಗೆ ಬಂದದ್ದು ಅಕ್ಕನ ಮನೆಗೆ. ಕೃಷ್ಣಮಾಚಾರ್ಯರು ಅವರ ಭಾವ. ಕ್ಷಯ, ಟೈಫಾಯ್ಡ್, ಮಲೇರಿಯಾ ಹಿಂಡಿ ಹಾಕಿದ್ದ ಮೈ ಅದು. 1937ರಲ್ಲಿ ಕಲಿಸಲು ಪುಣೆಗೆ ಹೋದವರು ಅಲ್ಲೇ ಉಳಿದರು. ಅದೇ ವರ್ಷ ಜೋಯಿಸರು ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ಯೋಗ ಕಲಿಸಲು ನಿಂತರು. ಕೃಷ್ಣಮಾಚಾರ್ಯರ ಮಗ ದೇಶಿಕಾಚಾರ್ ಹುಟ್ಟಿದ್ದು 1938ರಲ್ಲಿ, ಮೈಸೂರಿನಲ್ಲೇ; ಅವರು ಮುಂದೆ ಮದ್ರಾಸಿನಲ್ಲಿ ತಂದೆಯಿಂದ ಕಲಿತು ಒಬ್ಬೊಬ್ಬರಿಗೇ ಪಾಠ ಹೇಳುವ ಕ್ರಮವನ್ನು ಬೆಳೆಸಿದರು. ಅರಮನೆಯ ಹುಡುಗರಿಗೆ ಹಾರಿ ಹಾರಿ ಮಾಡುವ ವಿನ್ಯಾಸ, ಮದ್ರಾಸಿನಲ್ಲಿ ಬಂದ ರೋಗಿಗೆ ಮಲಗಿ ಮಾಡುವ ನಾಲ್ಕು ಆಸನ. ಕಲಿಸಿದವರು ಒಬ್ಬರೇ. ಇದನ್ನು ನೆನಪಿಟ್ಟುಕೊಂಡರೆ ಯಾವುದು ‘ಶುದ್ಧ’ ಅನ್ನುವ ಜಗಳಕ್ಕೆ ಕೂರುವುದಕ್ಕೆ ಮನಸ್ಸಾಗುವುದಿಲ್ಲ.

ಮೊದಲ ತಿಂಗಳಲ್ಲಿ ಅಷ್ಟಾಂಗದವರಿಗೆ ಎಡವುವ ಜಾಗಗಳನ್ನು ಹೇಳುತ್ತೇನೆ.

ಉಸಿರು. ನಮಗೆ ಗಂಟಲಲ್ಲಿ ಸದ್ದು ಮಾಡುವ ಉಸಿರಿಲ್ಲದೆ ಆಸನವೇ ಇಲ್ಲ. ಅಲ್ಲಿ ಎರಡನೇ ದಿನವೇ ಮೇಡಂ ನನ್ನ ಪಕ್ಕ ನಿಂತು, “ನೋಡಮ್ಮಾ, ನಿನ್ನ ಉಸಿರು ಆ ಕೊನೆಗೆ ಕೇಳಿಸ್ತಾ ಇದೆ. ಸದ್ದು ಬಿಡು, ಕಾಲು ನೋಡು” ಅಂದರು. ಆ ಪದ್ಧತಿಯಲ್ಲಿ ಆಸನದಲ್ಲಿ ಸಹಜ ಉಸಿರು; ಉಜ್ಜಾಯಿಯನ್ನು, ಅಂದರೆ ಆ ಗಂಟಲ ಸದ್ದಿನ ಉಸಿರನ್ನು, ಪ್ರಾಣಾಯಾಮದಲ್ಲಿ, ಅದೂ ಮೊದಲು ಮಲಗಿ, ಬೇರೆಯಾಗಿ ಕಲಿಸುತ್ತಾರೆ. ಸದ್ದು ಬಿಡುವುದಕ್ಕೆ ನನಗೆ ಆರು ವಾರ ಬೇಕಾಯಿತು. ಬಿಟ್ಟ ಮೇಲೆ ಒಂದು ಸಂಗತಿ ಗೊತ್ತಾಯಿತು. ಕಷ್ಟದ ಆಸನದಲ್ಲಿ ನಾನು ದವಡೆ ಕಚ್ಚುತ್ತಿದ್ದೆ, ಉಸಿರಿನ ಸದ್ದು ಅದನ್ನು ಮುಚ್ಚಿಡುತ್ತಿತ್ತು.

ತ್ರಿಕೋಣಾಸನ. ಅಷ್ಟಾಂಗದಲ್ಲಿ ಕಾಲುಗಳ ನಡುವೆ ಸುಮಾರು ಮೂರು ಅಡಿ, ಕೈಯಿಂದ ಹೆಬ್ಬೆರಳು ಹಿಡಿಯುವುದು, ಐದು ಉಸಿರು, ಮುಂದೆ. ಅಲ್ಲಿ ಕಾಲುಗಳ ನಡುವೆ ನನ್ನ ಎತ್ತರಕ್ಕೆ ನಾಲ್ಕು ಅಡಿ ಹತ್ತಿರ, ಕೈ ಮುಂಗಾಲಿನ ಹೊರಗೆ ಮರದ ಇಟ್ಟಿಗೆಯ ಮೇಲೆ. ಹೆಬ್ಬೆರಳು ಹಿಡಿಯುವ ಆಸೆಗೆ ನಾನು ವರ್ಷಗಟ್ಟಲೆ ಮುಂಗಾಲಿನ ಮೊಣಕಾಲನ್ನು ಹಿಂದಕ್ಕೆ ಒಗೆಯುತ್ತಿದ್ದೆ. ಮೀನಖಂಡ ಹಿಂದಕ್ಕೆ ಬಾಗಿ, ಪೂರ್ತಿ ಭಾರ ಹ್ಯಾಮ್‌ಸ್ಟ್ರಿಂಗಿನ ಬುಡಕ್ಕೆ ಬೀಳುತ್ತಿತ್ತು. ಮೇಡಂ ಒಂದು ಇಟ್ಟಿಗೆಯನ್ನು ಓರೆಯಾಗಿ ಮೀನಖಂಡದ ಹಿಂದೆ ಇಟ್ಟು, “ಇದನ್ನ ಒತ್ತಬೇಡ. ಮಂಡಿಚಿಪ್ಪು ಮೇಲೆಳಿ, ತೊಡೆ ಮೇಲಿನ ಮಾಂಸ ಮೂಳೆಗೆ ಅಂಟಲಿ” ಅಂದರು. ಕಾಲು ಗಡಗಡ ನಡುಗಿತು. ಕೂರುವ ಮೂಳೆಯ ಹತ್ತಿರದ ಚುಚ್ಚು ನಿಂತಿತು, ಎಷ್ಟೋ ತಿಂಗಳಲ್ಲಿ ಮೊದಲ ಸಲ. ಮನೆಯಲ್ಲಿ ಮಾಡುವವರು ಇದನ್ನು ಇವತ್ತೇ ನೋಡಬಹುದು: ಕಾಲಿನ ಹಿಂದೆ ಇಟ್ಟಿಗೆ ಇಟ್ಟುಕೊಳ್ಳಿ, ಅದು ಮೀನಖಂಡಕ್ಕೆ ತಾಗಿಯೂ ತಾಗದ ಹಾಗೆ ಇರಬೇಕು. ಇಟ್ಟಿಗೆ ಒತ್ತಿಹೋಗುತ್ತಿದ್ದರೆ ಮೊಣಕಾಲು ಲಾಕ್ ಆಗುತ್ತಿದೆ ಅಂತ ಅರ್ಥ.

ಮೂರನೆಯದು ಕ್ರಮ. ಇದು ನನ್ನನ್ನು ತುಂಬ ಕಾಡಿತು. ಅಷ್ಟಾಂಗದ ಕೊನೆಯಲ್ಲಿ ಮೊದಲು ಸರ್ವಾಂಗಾಸನ, ಹಲಾಸನ, ಮುಂದೆ ಮತ್ಸ್ಯಾಸನ, ಆಮೇಲೆ ಶೀರ್ಷಾಸನ. ಅಯ್ಯಂಗಾರ್ ಪದ್ಧತಿಯಲ್ಲಿ ಶೀರ್ಷಾಸನ ಮೊದಲು, ಸರ್ವಾಂಗಾಸನ ಆಮೇಲೆ. ತಲೆಕೆಳಗೆ ಮಾಡುವುದನ್ನು ಶೀರ್ಷಾಸನದಲ್ಲಿ ಮುಗಿಸುವಂತಿಲ್ಲ. ಕತ್ತಿಗೂ ನರಗಳಿಗೂ ತಂಪು ಕೊಡುವುದು ಸರ್ವಾಂಗಾಸನ, ಅದು ಕೊನೆಗೆ ಬರಬೇಕು ಅನ್ನುವುದು ಅವರ ವಿವರಣೆ. ಮಾಡುವ ಬಗೆಯೂ ಬೇರೆ. ನಾವು ಶೀರ್ಷಾಸನದಲ್ಲಿ ಭಾರವನ್ನೆಲ್ಲ ತೋಳುಗಳ ಮೇಲೆ ಹಾಕಿ ತಲೆಯನ್ನು ನೆಲಕ್ಕೆ ಬರೀ ತಾಗಿಸುವಂತೆ ಕಲಿತವರು, ಇಪ್ಪತ್ತೈದು ಉಸಿರು ಸಾಕು. ಅಲ್ಲಿ ನೆತ್ತಿಯ ನಡುಭಾಗ ನೆಲದ ಮೇಲೆ ಕೂರುತ್ತದೆ, ಮುಂದೋಳು ಒತ್ತಿ ಭುಜ ಎತ್ತಿ, ಐದು ನಿಮಿಷದವರೆಗೆ ನಿಧಾನವಾಗಿ ಹೋಗುತ್ತಾರೆ. ಅಷ್ಟು ಹೊತ್ತು ಇರುವುದಕ್ಕೂ ಹಾಗೆ ಕೂರಿಸುವುದಕ್ಕೂ ಸಂಬಂಧ ಇದೆ. ಒಂದರ ಕೂರಿಸುವಿಕೆಗೆ ಇನ್ನೊಂದರ ಸಮಯ ಹಚ್ಚಿದರೆ ಕತ್ತು ಹಿಡಿಯುತ್ತದೆ. ನನಗೆ ಹಿಡಿದದ್ದು ಹಾಗೆಯೇ.

ಸರ್ವಾಂಗಾಸನಕ್ಕೆ ಕಂಬಳಿ ಕಡ್ಡಾಯ. ಎಲ್ಲರೂ ತಪ್ಪುವುದು ಇಲ್ಲಿಯೇ, ಆದ್ದರಿಂದ ಅಳತೆ ಸಮೇತ ಹೇಳುತ್ತೇನೆ. ದಪ್ಪ ಹತ್ತಿಯ ಕಂಬಳಿ ನಾಲ್ಕು. ಮನೆಯಲ್ಲಿ ಹಳೆಯ ಜಮಖಾನ ಇದ್ದರೆ ಇನ್ನೂ ಒಳ್ಳೆಯದು, ಅದು ಕುಸಿಯುವುದಿಲ್ಲ. ರಗ್ಗು, ಕೌದಿ ಆಗುವುದಿಲ್ಲ, ಭುಜ ಹುದುಗಿಹೋಗುತ್ತದೆ. ಎರಡು ಅಡಿ ಅಗಲಕ್ಕೆ ನೀಟಾಗಿ ಮಡಚಿ, ಮಡಿಕೆಯ ದುಂಡು ಅಂಚುಗಳೆಲ್ಲ ಒಂದೇ ಕಡೆ ಒಂದರ ಮೇಲೊಂದು ಸಮನಾಗಿ ಬರುವಂತೆ ಜೋಡಿಸಬೇಕು. ಒತ್ತಿದ ಮೇಲೂ ಎರಡರಿಂದ ಮೂರು ಇಂಚು ಎತ್ತರ ಉಳಿಯಬೇಕು. ಆ ಅಂಚಿನಿಂದ ಎರಡು ಇಂಚು ಒಳಗೆ ಭುಜದ ಮೇಲ್ಭಾಗ, ತಲೆ ನೆಲದ ಮೇಲೆ. ಮೊಣಕೈಗಿಂತ ತುಸು ಮೇಲೆ ಭುಜದಗಲಕ್ಕೆ ಬೆಲ್ಟು. ಸರಿಯಾಗಿದೆಯೋ ನೋಡಲು: ಕತ್ತಿನ ಬುಡದಲ್ಲಿ ಉಬ್ಬಿರುವ ಮೂಳೆ ನೆಲವನ್ನೂ ಕಂಬಳಿಯನ್ನೂ ಒತ್ತುತ್ತಿರಬಾರದು, ಎಂಜಲು ನುಂಗಲು ಬರಬೇಕು. ಕಂಬಳಿಯಿಂದ ಭುಜ ಜಾರುತ್ತಿದ್ದರೆ ಇಳಿದು ಮತ್ತೆ ಮಾಡಿ, ಮೇಲಿದ್ದಾಗಲೇ ತಲೆ ಆ ಕಡೆ ಈ ಕಡೆ ತಿರುಗಿಸಬೇಡಿ.

ಖರ್ಚಿನ ಲೆಕ್ಕ. ಎಂಆರ್‌ಐ 7,000, ಫಿಸಿಯೋ ಹನ್ನೆರಡು ಸಿಟ್ಟಿಂಗ್ 7,200. ಕ್ಲಾಸಿನ ಫೀಸು ನಾನು ಹೋದ ಕಡೆ ವಾರಕ್ಕೆ ಮೂರು ದಿನಕ್ಕೆ ತಿಂಗಳಿಗೆ 2,200. ಊರಿಂದ ಊರಿಗೆ ತುಂಬ ವ್ಯತ್ಯಾಸ ಇರುತ್ತದೆ. ಮನೆಗೆ ಬೇಕಾದ ಸಾಮಾನು: ಎರಡು ಬೆಲ್ಟು 500, ಮರದ ಇಟ್ಟಿಗೆ ಎರಡು 900, ಮಡಚುವ ಕಬ್ಬಿಣದ ಕುರ್ಚಿ 1,600, ಉದ್ದ ದಿಂಬು 1,900. ಇಟ್ಟಿಗೆಯನ್ನು ಬಡಗಿಯ ಹತ್ತಿರ ಮಾಡಿಸಿದೆ: 9 ಇಂಚು ಉದ್ದ, ನಾಲ್ಕೂವರೆ ಅಗಲ, 3 ದಪ್ಪ, ಅಂಚು ಉಜ್ಜಿ ದುಂಡು ಮಾಡಿಸಬೇಕು. ಫೋಮಿನದು ಅಗ್ಗ, ಆದರೆ ಮೈಭಾರ ಬಿದ್ದರೆ ಕುಸಿಯುತ್ತದೆ. ಕುರ್ಚಿ ಕೊಳ್ಳುವಾಗ ಬೆನ್ನೊರಗುವ ತಗಡು ಇಲ್ಲದ, ಚೌಕಟ್ಟು ಮಾತ್ರ ಇರುವುದನ್ನು ಕೇಳಿ. ಅದರೊಳಗೆ ಕಾಲು ತೂರಿಸಿ ಕೂರಬೇಕಾಗುತ್ತದೆ. ಇವನ್ನೆಲ್ಲ ಮೊದಲ ವಾರವೇ ಕೊಳ್ಳಬೇಡಿ. ಮೂರು ತಿಂಗಳು ಬೆಲ್ಟು ಮತ್ತು ಇಟ್ಟಿಗೆಯಲ್ಲೇ ಸಾಗುತ್ತದೆ.

ಮೂರನೇ ತಿಂಗಳಲ್ಲಿ ಒಂದು ತಪ್ಪು ಮಾಡಿದೆ. ನೋವು ಇಳಿದಿತ್ತು, ಧೈರ್ಯ ಬಂತು. ಬೆಳಗ್ಗೆ ಮನೆಯಲ್ಲಿ ಅಷ್ಟಾಂಗದ ನಿಂತ ಆಸನಗಳು, ಸಂಜೆ ಕ್ಲಾಸ್ ಅಂತ ಶುರುಮಾಡಿದೆ. ಎರಡು ವಾರದಲ್ಲಿ ನೋವು ಮರಳಿತು, ಜೊತೆಗೆ ಮಣಿಕಟ್ಟು. ಯಾಕೆ ಅಂತ ಫಿಸಿಯೋ ಮತ್ತು ಮೇಡಂ ಇಬ್ಬರ ಜೊತೆ ಕೂತು ನೋಡಿದಾಗ ತಿಳಿದದ್ದು: ಅಷ್ಟಾಂಗದ ಓಟ ಉಸಿರಿನ ಲೆಕ್ಕದ್ದು. ಏಕಂ, ದ್ವೇ, ತ್ರೀಣಿ ಅಂತ ಎಣಿಕೆ ನಡೆಯುವಾಗ ಒಂದೊಂದು ಆಸನಕ್ಕೂ ಕಾಲು ಜೋಡಿಸಲು ಸಿಗುವುದು ಒಂದು ಉಸಿರು. ಆ ಒಂದು ಉಸಿರಿನಲ್ಲಿ ನಾನು ಸಂಜೆ ಕಲಿತ ಹನ್ನೆರಡು ಸೂಚನೆಗಳನ್ನು ತುರುಕುತ್ತಿದ್ದೆ. ಎಣಿಕೆ ತಪ್ಪುತ್ತಿತ್ತು, ಉಸಿರು ಕಟ್ಟುತ್ತಿತ್ತು, ಆ ಬಿಗಿಯಲ್ಲೇ ಹಾರುತ್ತಿದ್ದೆ. ಸಂಜೆ ಹೋದರೆ ದಣಿದ ಕಾಲಿನಲ್ಲಿ ಮೂರು ನಿಮಿಷ ನಿಲ್ಲಬೇಕು. ಎರಡೂ ಕೆಟ್ಟವು.

ಇಲ್ಲಿಂದ ನಾನು ಕಲಿತದ್ದನ್ನು ನೇರವಾಗಿ ಹೇಳುತ್ತೇನೆ. ಬೇರೆ ಪದ್ಧತಿಗೆ ಮನಸ್ಸು ತೆರೆಯುವುದು ಬೇರೆ, ಎರಡನ್ನೂ ಕಲಸುವುದು ಬೇರೆ. ಒಂದು ಪದ್ಧತಿಯ ಕ್ರಮ, ಸಮಯ, ಉಸಿರು ಮೂರೂ ಒಂದಕ್ಕೊಂದು ಹೆಣೆದಿರುತ್ತವೆ. ಒಂದೆಳೆ ಕಿತ್ತು ಇನ್ನೊಂದಕ್ಕೆ ಹೊಲಿದರೆ ಎರಡೂ ಹರಿಯುತ್ತವೆ. ಕನಿಷ್ಠ ಆರು ತಿಂಗಳು ಒಂದರೊಳಗೆ ಪೂರ್ತಿ ಇಳಿಯಿರಿ. ‘ದೀರ್ಘಕಾಲ, ನೈರಂತರ್ಯ’ ಅಂತ ಯೋಗಸೂತ್ರ ಹೇಳುವುದನ್ನು (1.14) ಹಿಡಿದು, ಪದ್ಧತಿ ಬಿಟ್ಟರೆ ನೈರಂತರ್ಯ ಮುರಿಯುತ್ತದೆ ಅಂತ ಕೆಲವರು ನನ್ನನ್ನು ಹೆದರಿಸಿದ್ದರು. ಆ ಹದಿನಾಲ್ಕು ತಿಂಗಳಲ್ಲಿ ಮ್ಯಾಟಿಗೆ ಬರದ ದಿನಗಳು ಬೆರಳೆಣಿಕೆ. ಮುರಿದದ್ದು ರೂಢಿ ಮಾತ್ರ.

ನಾಲ್ಕನೇ ತಿಂಗಳಿಂದ ಸರಿಹೋಯಿತು. ಅಲ್ಲಿ ತಿಂಗಳಿಗೊಂದು ಸುತ್ತು: ಮೊದಲ ವಾರ ನಿಂತ ಆಸನಗಳು, ಎರಡನೇ ವಾರ ಮುಂದೆ ಬಗ್ಗುವುದು, ಮೂರನೇ ವಾರ ಹಿಂದೆ ಬಾಗುವುದು, ನಾಲ್ಕನೇ ವಾರ ವಿಶ್ರಾಂತಿಯ ಆಸನ ಮತ್ತು ಪ್ರಾಣಾಯಾಮ. ಎರಡನೇ ವಾರ ನನಗೆ ಬೇರೆ ವ್ಯವಸ್ಥೆ. ಗೋಡೆಗೆ ಹಿಮ್ಮಡಿ ಒತ್ತಿ ದಂಡಾಸನ, ಸೊಂಟದ ಕೆಳಗೆ ಎರಡು ಮಡಚಿದ ಕಂಬಳಿ, ಪಾದಕ್ಕೆ ಬೆಲ್ಟು, ಬೆನ್ನು ನೇರ, ಅಷ್ಟೇ, ಬಗ್ಗುವ ಹಾಗಿಲ್ಲ. ಎಂಟನೇ ತಿಂಗಳಲ್ಲಿ ಮೊದಲ ಸಲ ಹತ್ತು ಡಿಗ್ರಿ ಬಗ್ಗಲು ಬಿಟ್ಟರು. ಹೆಂಗಸರು ಗಮನಿಸಬೇಕಾದ್ದು: ಅಷ್ಟಾಂಗದಲ್ಲಿ ಮುಟ್ಟಿನ ಮೊದಲ ಮೂರು ದಿನ ಪೂರ್ತಿ ರಜೆ ತೆಗೆದುಕೊಳ್ಳುವುದು ರೂಢಿ. ಅಲ್ಲಿ ಕ್ಲಾಸಿಗೆ ಬರಬಹುದು, ಆದರೆ ಮೊದಲೇ ಹೇಳಬೇಕು. ತಲೆಕೆಳಗಿನ ಆಸನ ಬಿಟ್ಟು ದಿಂಬಿನ ಮೇಲೆ ಸುಪ್ತಬದ್ಧಕೋಣಾಸನದಂಥವನ್ನು ಕೊಡುತ್ತಾರೆ. ಹೇಳಲು ಸಂಕೋಚ ಬೇಡ.

ಆರನೇ ತಿಂಗಳಲ್ಲಿ ದೇಶಿಕಾಚಾರ್ ಪರಂಪರೆಯ ಒಬ್ಬರು ಶಿಕ್ಷಕರ ಬಳಿ ಎರಡು ಸಲ ಹೋಗಿದ್ದೆ. ಒಬ್ಬರಿಗೆ ಒಬ್ಬರು, ಒಂದು ಗಂಟೆ, ಕೊನೆಗೆ ಕಡ್ಡಿಚಿತ್ರ ಬರೆದ ಒಂದು ಹಾಳೆ. ಅದರಲ್ಲಿದ್ದದ್ದು ದ್ವಿಪಾದಪೀಠ ಆರು ಸಲ: ಅಂಗಾತ ಮಲಗಿ, ಮಂಡಿ ಮಡಚಿ, ಉಸಿರೆಳೆಯುತ್ತ ಸೊಂಟ ಎತ್ತುವುದು, ಬಿಡುತ್ತ ಇಳಿಸುವುದು, ಕೊನೆಯ ಸಲ ಮಾತ್ರ ನಿಲ್ಲುವುದು. ನೋಡಲು ಏನೂ ಇಲ್ಲ ಅನ್ನಿಸುತ್ತದೆ. ಫಿಸಿಯೋ ಹೇಳಿದ್ದ ‘ಟೆಂಡನ್‌ಗೆ ಭಾರ’ ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಆಸನ ನನಗೆ ಸಿಗಲಿಲ್ಲ. ಇವತ್ತಿಗೂ ಮಲಗುವ ಮುಂಚೆ ಮಾಡುತ್ತೇನೆ.

ಹದಿನಾಲ್ಕು ತಿಂಗಳಾದ ಮೇಲೆ ಡಾಕ್ಟರು ಪೂರ್ತಿ ಅಭ್ಯಾಸಕ್ಕೆ ಒಪ್ಪಿಗೆ ಕೊಟ್ಟರು. ಹಳೆಯ ಗುರುಗಳಿಗೆ ಫೋನ್ ಮಾಡಿ, ನೋಡಲು ಬರಬಹುದಾ ಅಂತ ಕೇಳಿದೆ. “ನೋಡೋಕೆ ಯಾಕೆ, ಮ್ಯಾಟ್ ತಗೊಂಡು ಬನ್ನಿ” ಅಂದರು.

ಮರಳುವಾಗಿನ ತೊಂದರೆಗಳು ಬೇರೆ. ತೋಳಿನ ಬಲ ಹೋಗಿರುತ್ತದೆ. ನನ್ನ ಅಯ್ಯಂಗಾರ್ ಬ್ಯಾಚಿನಲ್ಲಿ ಚತುರಂಗ (ಮೊಣಕೈ ಮಡಚಿ, ಅಂಗೈ ಮತ್ತು ಕಾಲ್ಬೆರಳ ಮೇಲೆ ಮೈಯನ್ನು ನೆಲಕ್ಕೆ ಹತ್ತಿರ ಹಿಡಿಯುವ ದಂಡಾಸನ) ಅಪರೂಪ, ಇಲ್ಲಿ ಪ್ರತಿ ಆಸನದ ನಡುವೆ ಇದೆ. ಮೊದಲ ಎರಡು ವಾರ ಮೂರು ಸೂರ್ಯನಮಸ್ಕಾರ ಎ, ಎರಡು ಬಿ, ಪಾರ್ಶ್ವೋತ್ತಾನಾಸನದವರೆಗೆ ನಿಂತ ಆಸನಗಳು, ನೇರ ಕೊನೆಯ ಆಸನಗಳಿಗೆ. ಚತುರಂಗದಲ್ಲಿ ಮಂಡಿ ನೆಲಕ್ಕೆ. ಭುಜ ಮೊಣಕೈಗಿಂತ ಕೆಳಗೆ ಹೋಗುತ್ತಿದ್ದರೆ ಬಲ ಇನ್ನೂ ಬಂದಿಲ್ಲ ಅಂತ ಅರ್ಥ. ಆಗ ಎಣಿಕೆ ಕಾಪಾಡಲು ಹೋಗಿ ಭುಜದ ಮುಂಭಾಗ ಹಾಳುಮಾಡಿಕೊಳ್ಳುತ್ತೀರಿ. ಆಮೇಲೆ ವಾರಕ್ಕೆ ಒಂದೋ ಎರಡೋ ಕೂತ ಆಸನ ಸೇರಿಸುತ್ತ ಹೋದೆ. ಕೂರ್ಮಾಸನದಲ್ಲಿ ಐದು ವಾರ ನಿಂತೆ. ಅಲ್ಲಿ ಬುಡದ ಮೇಲೆ ಬೀಳುವ ಎಳೆತ ಎಲ್ಲಕ್ಕಿಂತ ಜಾಸ್ತಿ. ಹಿಮ್ಮಡಿ ನೆಲದಿಂದ ಎತ್ತುವುದನ್ನು ನಾನು ಇನ್ನೂ ಮಾಡುತ್ತಿಲ್ಲ.

ಇನ್ನೊಂದು ಕಷ್ಟ, ನಿಲ್ಲಿಸಿ ನಿಲ್ಲಿಸಿ ಸರಿಮಾಡುವ ಅಭ್ಯಾಸ. ಅಯ್ಯಂಗಾರ್ ಕ್ಲಾಸಿನಿಂದ ಬಂದವರು ತ್ರಿಕೋಣಾಸನದಲ್ಲಿ ಹತ್ತು ಉಸಿರು ಕಳೆದುಬಿಡುತ್ತಾರೆ. ಮೈ ತಣ್ಣಗಾಗುತ್ತದೆ, ಪಕ್ಕದವರ ಲಯವೂ ಕೆಡುತ್ತದೆ. ನಾನು ಮಾಡಿಕೊಂಡ ವ್ಯವಸ್ಥೆ: ಒಂದು ವಾರಕ್ಕೆ ಒಂದೇ ಸೂಚನೆ. ಈ ವಾರ ಮಂಡಿಚಿಪ್ಪು ಅಂದರೆ ಇಡೀ ಸೀರೀಸಿನಲ್ಲಿ ಮಂಡಿಚಿಪ್ಪು ಮಾತ್ರ. ಉಳಿದದ್ದು ಉಸಿರಿಗೆ ಬಿಟ್ಟದ್ದು. ಕೋಣೆಯಲ್ಲಿ ಯಾರಿಗೂ ‘ಅಯ್ಯಂಗಾರ್‌ನಲ್ಲಿ ಹೀಗೆ ಹೇಳ್ತಾರೆ’ ಅನ್ನುವುದಿಲ್ಲ. ಕೇಳಿದರೆ ಹೊರಗೆ ಕಾಫಿ ಕುಡಿಯುವಾಗ ಹೇಳುತ್ತೇನೆ.

ಕಂಬಳಿಯ ವಿಷಯ ಮಾತ್ರ ಕೇಳಿಯೇಬಿಟ್ಟೆ. ಸರ್ವಾಂಗಾಸನಕ್ಕೆ ಭುಜದ ಕೆಳಗೆ ಹಾಕಿಕೊಳ್ಳಲಾ ಅಂತ. ಗುರುಗಳು ಸ್ವಲ್ಪ ಯೋಚಿಸಿ, “ಕತ್ತಿಗೆ ಬೇಕಿದ್ರೆ ಹಾಕ್ಕೊಳ್ಳಿ. ಆದ್ರೆ ಹಲಾಸನ, ಕರ್ಣಪೀಡ, ಪಿಂಡಾಸನ ಎಲ್ಲಾ ಅದರ ಮೇಲೇ ಮಾಡ್ಬೇಕಾಗುತ್ತೆ, ಮತ್ಸ್ಯಾಸನಕ್ಕೆ ತೆಗೀಬೇಕು. ಉಸಿರು ತಪ್ಪದ ಹಾಗೆ ತೆಗೆಯೋಕೆ ಕಲೀರಿ” ಅಂದರು. ಎರಡು ಜಮಖಾನ ಮಡಚಿ ಮ್ಯಾಟಿನ ಪಕ್ಕ ಇಟ್ಟುಕೊಳ್ಳುತ್ತೇನೆ. ಪಿಂಡಾಸನದಿಂದ ಉಸಿರೆಳೆಯುತ್ತ ಇಳಿದು, ಬಿಡುತ್ತ ಎಡಗೈಯಲ್ಲಿ ಎಳೆದು ಪಕ್ಕಕ್ಕೆ ಸರಿಸಬೇಕು. ಮೊದಮೊದಲು ನಾಲ್ಕು ಉಸಿರು ಹಿಡಿಯುತ್ತಿತ್ತು, ಈಗ ಒಂದೂವರೆ.

ಈಗಿನ ವಾರ ಹೀಗಿದೆ: ಭಾನುವಾರದಿಂದ ಗುರುವಾರ ಅಷ್ಟಾಂಗ, ಶುಕ್ರವಾರ ಗುರುಗಳ ಎಣಿಕೆಗೆ ಎಲ್ಲರೂ ಒಟ್ಟಿಗೆ ಮಾಡುವ ಕ್ಲಾಸು, ಶನಿವಾರ ರಜೆ. ಅಮಾವಾಸ್ಯೆ, ಹುಣ್ಣಿಮೆಗೆ ಅಷ್ಟಾಂಗ ಇಲ್ಲ. ಆ ಎರಡು ದಿನ ಸಂಜೆ ಮನೆಯಲ್ಲಿ ಕುರ್ಚಿ, ದಿಂಬು, ಬೆಲ್ಟು ತೆಗೆದು ಅಯ್ಯಂಗಾರ್ ಪದ್ಧತಿಯ ವಿಶ್ರಾಂತಿ ಆಸನಗಳು ಮತ್ತು ಮಲಗಿ ಉಜ್ಜಾಯಿ. ಮೇಡಂ ಹತ್ತಿರ ಮೂರು ತಿಂಗಳಿಗೊಮ್ಮೆ ಹೋಗಿ ಕಾಲು ತೋರಿಸಿ ಬರುತ್ತೇನೆ. ಮುಂದಿನ ಸಲ ಹೋಗುವಾಗ ಡಾಕ್ಟರ ಹೊಸ ಚೀಟಿ ತರಲು ಹೇಳಿದ್ದಾರೆ, ಹಳೆಯದಕ್ಕೆ ವರ್ಷ ದಾಟಿತು.